ಬಾಡಿಗೆದಾರರ ಆಧಾರ್ ನಿಮ್ಮ ಫೋನಲ್ಲಿ ಎಷ್ಟು ವರ್ಷದಿಂದ ಬಿದ್ದಿದೆ?

ಕೆಳಗೆ ನಾವು, ಮೇಲೆ ಎರಡು ಮನೆ ಬಾಡಿಗೆಗೆ, ಬೆಂಗಳೂರಲ್ಲಿ ತರ್ಟಿ ಫಾರ್ಟಿ ಸೈಟಲ್ಲಿ ಮನೆ ಕಟ್ಟಿದೋರ ಕಥೆ ಹೆಚ್ಚುಕಮ್ಮಿ ಇದೇ ಅಲ್ವಾ. ಅಂಥ ಓನರ್‌ಗಳಿಗೆ ಅಂತಾನೇ ಇದನ್ನ ಬರೀತಿದೀನಿ, ನೂರು ರೂಮಿನ ಪಿಜಿ ನಡೆಸೋರಿಗೆ ಲಾಯರ್ ಇರ್ತಾರೆ ಬಿಡಿ. ಮೊದಲು ಒಂದು ಕೆಲಸ ಮಾಡಿ, ವಾಟ್ಸಾಪ್ ತೆಗೆದು ಸರ್ಚಲ್ಲಿ ಆಧಾರ್ ಅಂತ ಹೊಡೀರಿ, ಆಮೇಲೆ ಫೋನ್ ಗ್ಯಾಲರಿನೂ ಒಂದ್ಸಲ ಮೇಲಿಂದ ಕೆಳಗೆ ತಳ್ಳಿ ನೋಡಿ. ಮನೆ ಖಾಲಿ ಮಾಡಿ ಹೋದೋರದ್ದು, ಮನೆ ನೋಡಿ ಬೇಡ ಅಂದೋರದ್ದು, ಬ್ರೋಕರ್ ಸುಮ್ನೆ ಫಾರ್ವರ್ಡ್ ಮಾಡಿದ್ದು, ಎಲ್ಲಾ ಮೊಮ್ಮಗನ ನಾಮಕರಣದ ಫೋಟೊ ಮಧ್ಯೆ ಕೂತಿರತ್ತೆ.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟಲ್ಲಿ, ಆ ಕೇಸ್ ಹಾಕಿದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜು ಕೆ.ಎಸ್. ಪುಟ್ಟಸ್ವಾಮಿ ಅವರು, ಅದೂ ಆಧಾರ್ ವಿಚಾರಕ್ಕೇ. ಆಮೇಲೆ 2023ರಲ್ಲಿ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆಕ್ಟ್ ಬಂತು, ಅದರ ರೂಲ್ಸ್ ಬಂದಿದ್ದು 2025ರ ನವೆಂಬರಲ್ಲಿ, ನಮಗೆ ತಾಗೋ ಮುಖ್ಯ ಭಾಗಗಳಿಗೆ ರೂಲ್ಸಲ್ಲಿ 18 ತಿಂಗಳು ಟೈಮ್ ಕೊಟ್ಟಿದಾರೆ, ಅಂದ್ರೆ 2027ರ ಮೇ ಹೊತ್ತಿಗೆ. ದಂಡ 250 ಕೋಟಿವರೆಗೂ ಅಂತ ಓದಿ ಯಾರೂ ಹೆದರ್ಕೋಬೇಡಿ, ಅದು ಮೇಲಿನ ಮಿತಿ, ತಪ್ಪು ಎಷ್ಟು ದೊಡ್ಡದು ಅಂತ ನೋಡಿ ಈ ಆಕ್ಟಿನ ಡೇಟಾ ಪ್ರೊಟೆಕ್ಷನ್ ಬೋರ್ಡ್‌ನೋರು ತೀರ್ಮಾನ ಮಾಡೋದು. ಸ್ವಂತ ಮನೆ ವಿಷಯಕ್ಕೆ ಇಟ್ಕೊಂಡಿರೋ ಮಾಹಿತಿಗೆ ಈ ಆಕ್ಟ್ ಅನ್ವಯ ಆಗಲ್ಲ ಅಂತ ಒಂದು ವಿನಾಯಿತಿ ಇದೆ ನಿಜ, ಆದ್ರೆ ತಿಂಗಳು ತಿಂಗಳು ಬಾಡಿಗೆ ಎಣಿಸ್ಕೊಂಡು ಇದು ನಮ್ಮ ಮನೆ ವಿಷಯ ಸಾರ್ ಅಂದ್ರೆ ಯಾರು ಕೇಳ್ತಾರೆ, ಆ ವಿನಾಯಿತಿ ನಂಬ್ಕೊಂಡು ಕೂರಬೇಡಿ ಅಂತಾನೇ ನಾನು ಹೇಳೋದು. ಇನ್ನೊಂದು, ಬರೀ ಜೆರಾಕ್ಸ್ ತಗೊಂಡು ಫೈಲಲ್ಲಿ ಇಟ್ರೆ ಅದು ಈ ಆಕ್ಟಿನ ಒಳಗೆ ಬರಲ್ಲ, ಅದನ್ನೇ ಫೋನಲ್ಲಿ ಫೋಟೊ ಹೊಡೆದ್ರೆ ಬಂತು.

ಈಗ ಕೆಲಸಕ್ಕೆ ಬರೋಣ. ಎಲ್ಲಾ ಶುರು ಆಗೋದು ಟು ಲೆಟ್ ಬೋರ್ಡ್ ಹಾಕಿದ ದಿನ. ಹತ್ತು ಜನ ಮನೆ ನೋಡಕ್ಕೆ ಬರ್ತಾರೆ, ಹತ್ತೂ ಜನರ ಆಧಾರ್ ಯಾಕ್ರೀ ಬೇಕು? ಮನೆ ನೋಡೋ ಹಂತಕ್ಕೆ ಹೆಸರು, ಫೋನ್ ನಂಬರ್, ಎಷ್ಟು ಜನ ಇರ್ತೀರ, ಯಾವಾಗ ಬರ್ತೀರ ಇಷ್ಟು ಸಾಕು, ಟೋಕನ್ ಅಡ್ವಾನ್ಸ್ ಕೊಟ್ಟ ಒಬ್ಬರ ಹತ್ರ ಮಾತ್ರ ಡಾಕ್ಯುಮೆಂಟ್ ಕೇಳಿ. ಬ್ರೋಕರ್‌ಗೂ ಮೊದಲೇ ಹೇಳಿಡಿ, ನಾನು ಕೇಳೋವರೆಗೂ ಯಾರದ್ದೂ ಕಳಿಸ್ಬೇಡಪ್ಪ ಅಂತ, ಯಾಕಂದ್ರೆ ನಿಜವಾಗ್ಲೂ ಸೋರಿಕೆ ಆಗೋದೇ ಅಲ್ಲಿ, ಒಬ್ಬರ ಕಾರ್ಡು ಐದು ಗ್ರೂಪಲ್ಲಿ ಓಡಾಡಿ ಬಂದಿರತ್ತೆ. ಏನ್ ಜನ ನೀವು, ವೆಜ್ಜಾ ನಾನ್‌ವೆಜ್ಜಾ ಅಂತ ಕೇಳೋ ಚಾಳಿ ನಮ್ಮೂರಲ್ಲಿ ಹೋಗಿಲ್ಲ, ಆ ಜಗಳ ಇಲ್ಲಿ ಬೇಡ, ಆದ್ರೆ ಅದನ್ನ ಎಕ್ಸೆಲ್ ಶೀಟಲ್ಲಿ ಒಂದು ಕಾಲಂ ಮಾಡಿ ಬರೆದಿಡೋ ಓನರ್‌ಗಳೂ ಇದಾರೆ, ದಯವಿಟ್ಟು ಅಳಿಸಿ.

ಟೋಕನ್ ಬಂದ ಮೇಲೆ ಏನು ಬೇಕು? ಹೆಸರು, ಫೋನು, ಊರಿನ ವಿಳಾಸ, ಒಂದು ಫೋಟೊ, ಒಂದು ಐಡಿ. ಕೆಲಸ ಏನು ಅಂತ ತಿಳ್ಕೋಬೇಕಾದ್ರೆ ಆಫೀಸ್ ಐಡಿ ತೋರ್ಸಿ ಅನ್ನಿ, ನೋಡಿ ವಾಪಸ್ ಕೊಡಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳೋದು ನನ್ನ ಪ್ರಕಾರ ಅತಿ ಆಯ್ತು, ಅವರು ಎಲ್ಲಿ ಊಟ ಮಾಡಿದ್ರು ಯಾವ ಡಾಕ್ಟರ್ ಹತ್ರ ಹೋಗಿದ್ರು ಎಲ್ಲಾ ಅದರಲ್ಲಿರತ್ತೆ. ಮಕ್ಕಳ ಆಧಾರ್ ಅಂತೂ ಬೇಡ್ವೇ ಬೇಡ, 18 ವರ್ಷದ ಒಳಗಿನೋರ ಮಾಹಿತಿಗೆ ಈ ಕಾನೂನು ಇನ್ನೂ ಬಿಗಿ.

ಆಧಾರ್ ಕೊಡೋದಾದ್ರೆ ಮಾಸ್ಕ್ಡ್ ಆಧಾರ್ ಕೊಡಿ ಅಂತ ನೀವೇ ಹೇಳಿ. ಮೈಆಧಾರ್ ವೆಬ್‌ಸೈಟಲ್ಲಿ ಓಟಿಪಿ ಹಾಕಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಅನ್ನೋ ಆಯ್ಕೆಗೆ ಟಿಕ್ ಮಾಡಿದ್ರೆ 12 ನಂಬರಲ್ಲಿ ಕೊನೇ 4 ಮಾತ್ರ ಕಾಣೋ ಪಿಡಿಎಫ್ ಬರತ್ತೆ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲಲ್ಲಿ, ಜೊತೆಗೆ ಹುಟ್ಟಿದ ವರ್ಷ, ಅಂದ್ರೆ ಹೆಸರು ವಯಸ್ಸು ಗೊತ್ತಿರೋ ಯಾರು ಬೇಕಾದ್ರೂ ತೆಗೀಬಹುದು, ಹಾಗಾಗಿ ಪಾಸ್‌ವರ್ಡ್ ಇದೆ ಅಂತ ಧೈರ್ಯವಾಗಿ ಎಲ್ಲರಿಗೂ ಕಳಿಸೋ ಹಾಗಿಲ್ಲ. 2022ರ ಮೇನಲ್ಲಿ ಆಧಾರ್ ಕೊಡೋ ಯುಐಡಿಎಐ ಸಂಸ್ಥೆಯ ನಮ್ಮ ಬೆಂಗಳೂರಿನ ಪ್ರಾದೇಶಿಕ ಆಫೀಸಿಂದಾನೇ ಆಧಾರ್ ಜೆರಾಕ್ಸ್ ಕಂಡಕಂಡೋರಿಗೆ ಕೊಡಬೇಡಿ, ಮಾಸ್ಕ್ಡ್ ಕೊಡಿ ಅಂತ ಪ್ರಕಟಣೆ ಬಂದಿತ್ತು, ಜನ ಗಾಬರಿ ಬಿದ್ರು ಅಂತ ಎರಡೇ ದಿನಕ್ಕೆ ಕೇಂದ್ರ ಸರ್ಕಾರ ವಾಪಸ್ ತಗೊಳ್ತು. ಪ್ರಕಟಣೆ ಹೋಯ್ತು, ಮಾಸ್ಕ್ಡ್ ಆಧಾರ್ ಸೌಲಭ್ಯ ಹಾಗೇ ಇದೆ. ಕಾರ್ಡು ಅಸಲಿನಾ ಅಂತ ಡೌಟ್ ಬಂದ್ರೆ ಅದರ ಮೇಲಿರೋ ಕ್ಯೂಆರ್ ಕೋಡನ್ನ ಯುಐಡಿಎಐನ ಆಧಾರ್ ಆಪಲ್ಲಿ ಸ್ಕ್ಯಾನ್ ಮಾಡಿ, ಜೆರಾಕ್ಸ್ ಇಟ್ಕೊಂಡ ಮಾತ್ರಕ್ಕೆ ಅಸಲಿ ನಕಲಿ ಗೊತ್ತಾಗಲ್ಲ ಅಲ್ವಾ. ಪೊಲೀಸ್ ಸ್ಟೇಷನ್‌ಗೆ ಕೊಡೋ ಫಾರಂಗೆ ಪೂರ್ತಿ ನಂಬರ್ ಬೇಕು ಅಂದ್ರೆ ಬಾಡಿಗೆದಾರರೇ ತುಂಬಲಿ, ನೀವು ಸೈನ್ ಹಾಕಿ. ಜೆರಾಕ್ಸ್ ತಗೊಂಡ್ರೆ ಅದರ ಮೇಲೆ ಅಡ್ಡಡ್ಡ "ಮನೆ ಬಾಡಿಗೆಗೆ ಮಾತ್ರ" ಅಂತ ತಾರೀಖು ಸಮೇತ ಅವರ ಕೈಯಲ್ಲೇ ಬರೆಸಿ.

ಯಾಕೆ ತಗೊಳ್ತಿದೀರ ಅಂತ ಹೇಳೋದು ಕಾನೂನಿನ ಪ್ರಕಾರ ನಿಮ್ಮ ಜವಾಬ್ದಾರಿ, ಅದೂ ಅವರಿಗೆ ಬೇಕಾದ ಭಾಷೇಲಿ, ಕನ್ನಡಾನೂ ಆ ಪಟ್ಟೀಲಿದೆ. ದೊಡ್ಡ ಫಾರಂ ಏನೂ ಬೇಡ, ಈ ಥರ ಒಂದು ಮೆಸೇಜು ಕಳಿಸಿ ಸರಿ ಅಂತ ಉತ್ತರ ತಗೊಳ್ಳಿ:

"ನಮಸ್ಕಾರ, ಬಾಡಿಗೆ ಕರಾರಿಗೆ ಮತ್ತೆ ಪೊಲೀಸ್ ಸ್ಟೇಷನ್‌ಗೆ ಮಾಹಿತಿ ಕೊಡಕ್ಕೆ ನಿಮ್ಮ ಹೆಸರು, ಫೋನ್, ಊರಿನ ವಿಳಾಸ, ಒಂದು ಫೋಟೊ, ಮಾಸ್ಕ್ಡ್ ಆಧಾರ್ ಬೇಕು. ಇದನ್ನ ಬೇರೆ ಯಾವುದಕ್ಕೂ ಬಳಸಲ್ಲ. ಮನೆ ಖಾಲಿ ಮಾಡಿ ಒಂದು ವರ್ಷ ಆದಮೇಲೆ ಐಡಿ, ಫೋಟೊ ಅಳಿಸ್ತೀನಿ. ತಿದ್ದುಪಡಿ ಇದ್ರೆ, ಒಪ್ಪಿಗೆ ವಾಪಸ್ ತಗೋಬೇಕಾದ್ರೆ ಇದೇ ನಂಬರಿಗೆ ಹೇಳಿ. ನನ್ನಿಂದ ಸರಿ ಹೋಗ್ಲಿಲ್ಲ ಅಂದ್ರೆ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ದೂರು ಕೊಡಬಹುದು."

ಒಂದು ವರ್ಷ ಯಾಕೆ ಅಂದ್ರೆ, ಮಾಹಿತಿ ಮತ್ತೆ ಅದರ ಲಾಗ್‌ಗಳನ್ನ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಅಂತಾನೂ ರೂಲ್ಸಲ್ಲಿ ಇದೆ, ಸರ್ಕಾರ ಕೇಳಿದ್ರೆ ಕೊಡೋ ಸಲುವಾಗಿ. ಹಾಗಾಗಿ ಖಾಲಿ ಮಾಡಿದ ದಿನಾನೇ ಎಲ್ಲಾ ಒರೆಸಿ ಹಾಕಿಬಿಡೋದಲ್ಲ, ಒಂದು ಪ್ರತಿ ಒಂದೇ ಜಾಗದಲ್ಲಿ ಇರ್ಲಿ, ಮಿಕ್ಕಿದ್ದು ಹೋಗ್ಲಿ. ಆ ಮಿಕ್ಕಿದ್ದನ್ನ ಹುಡುಕೋದೇ ದೊಡ್ಡ ಕೆಲಸ, ಚಾಟಲ್ಲಿ ಡಿಲೀಟ್ ಮಾಡಿರ್ತೀರ, ಗ್ಯಾಲರೀಲಿ ಒಂದು ಪ್ರತಿ ಇರತ್ತೆ, ಅದು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿರತ್ತೆ, ಅಲ್ಲಿ ಅಳಿಸಿದ್ರೂ 60 ದಿನ ಬಿನ್‌ನಲ್ಲಿ ಕೂತಿರತ್ತೆ, ಅದನ್ನೂ ಖಾಲಿ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸಲ್ಲಿ ಚಾಟ್ಸ್ ಒಳಗೆ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದ್ರೆ ಹೊಸದಾಗಿ ಬರೋದಾದ್ರೂ ಗ್ಯಾಲರಿಗೆ ಇಳಿಯಲ್ಲ. ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ರೀಸೆಟ್ ಮಾಡಿ ಅಂತ ಬೇರೆ ಹೇಳಬೇಕಾಗಿಲ್ಲ ಅನ್ಕೋತೀನಿ.

ಎಲ್ಲರೂ ಮರೆಯೋದು ಜೆರಾಕ್ಸ್ ಅಂಗಡಿ. ಕರಾರು ಪತ್ರ ಪ್ರಿಂಟ್ ತೆಗೆಸಕ್ಕೆ ಹೋಗ್ತೀವಿ, ಅಂಗಡಿ ಹುಡುಗ ಅಣ್ಣಾ ಈ ನಂಬರಿಗೆ ವಾಟ್ಸಾಪ್ ಮಾಡಿ ಅಂತಾನೆ, ಕಳಿಸ್ತೀವಿ, ಅವನು ಕಂಪ್ಯೂಟರಿಗೆ ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡ್ತಾನೆ, ಇಪ್ಪತ್ತು ರೂಪಾಯಿ ಕೊಟ್ಟು ಬರ್ತೀವಿ. ಆ ಫೈಲು ಅಲ್ಲೇ ಇರತ್ತೆ, ನಿಮ್ಮ ಸೈನು, ಅವರ ಫೋಟೊ, ಇಬ್ಬರ ವಿಳಾಸ ಎಲ್ಲಾ ಸೇರಿ. ಅಂಗಡಿ ಮುಂದೆ ನಿಂತಿರೋವಾಗ್ಲೇ ಡೌನ್‌ಲೋಡ್ಸ್ ಫೋಲ್ಡರಿಂದ ಅಳಿಸಪ್ಪ, ರೀಸೈಕಲ್ ಬಿನ್‌ನೂ ಖಾಲಿ ಮಾಡು ಅಂತ ಹೇಳಿ ಮಾಡಿಸಿ, ನಿಮ್ಮ ಕಡೆಯಿಂದ ಡಿಲೀಟ್ ಫಾರ್ ಎವ್ರಿಒನ್ನೂ ಒತ್ತಿ. ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ತೆಗೆಸಿದ್ರೆ ಇನ್ನೂ ವಾಸಿ.

ಕರೆಂಟ್ ಬಿಲ್ ವಿಷಯ ನಮ್ಮ ರಾಜ್ಯಕ್ಕೇ ಸ್ಪೆಷಲ್ಲು. ಗೃಹಜ್ಯೋತಿಗೆ ಬಾಡಿಗೆದಾರರು ಅವರ ಆಧಾರನ್ನ ನಿಮ್ಮ ಮನೆ ಮೀಟರಿಗೆ ಲಿಂಕ್ ಮಾಡಿರ್ತಾರೆ, ಖಾಲಿ ಮಾಡುವಾಗ ಡಿಲಿಂಕ್ ಮಾಡಿ ಹೋಗ್ಲಿ, ಇಲ್ಲಾಂದ್ರೆ ಅವರಿಗೆ ಹೊಸ ಮನೇಲೂ ತೊಂದರೆ, ನಿಮ್ಮ ಮುಂದಿನ ಬಾಡಿಗೆದಾರರಿಗೂ ತೊಂದರೆ. ಓಟಿಪಿ ಅವರ ಫೋನಿಗೆ ಬರೋದು, ಆದ್ರಿಂದ ಅಡ್ವಾನ್ಸ್ ಲೆಕ್ಕ ಮುಗಿಸೋ ದಿನಾನೇ ಎದುರಿಗೆ ಕೂತು ಮುಗಿಸಿಬಿಡಿ.

ವಿದೇಶದೋರಿಗೆ ಮನೆ ಕೊಟ್ರೆ ಬಂದ 24 ಗಂಟೆ ಒಳಗೆ ವಿದೇಶಿಯರ ನೋಂದಣಿ ಆಫೀಸಾದ ಎಫ್‌ಆರ್‌ಆರ್‌ಓಗೆ ಫಾರಂ III (ಮೊದಲು ಫಾರಂ ಸಿ ಅಂತಿದ್ರು) ಆನ್‌ಲೈನಲ್ಲಿ ಹಾಕ್ಬೇಕು, ಅದಕ್ಕೆ ಪಾಸ್‌ಪೋರ್ಟ್ ವೀಸಾ ವಿವರ ಬೇಕೇ ಬೇಕು, ಅಲ್ಲಿ ಕಮ್ಮಿ ತಗೋತೀನಿ ಅಂತ ಕೂರಕ್ಕಾಗಲ್ಲ.

ಕ್ಯಾಮೆರಾ ಗೇಟಿಗೆ, ಪಾರ್ಕಿಂಗಿಗೆ, ಮೆಟ್ಟಿಲಿಗೆ ಹಾಕಿ, ಬಾಡಿಗೆ ಮನೆ ಬಾಗಿಲ ಒಳಗಡೆ ಇಣುಕೋ ಥರ ಬೇಡ, ಧ್ವನಿ ರೆಕಾರ್ಡಿಂಗ್ ಆಫ್ ಇರ್ಲಿ, ಕ್ಯಾಮೆರಾ ಇದೆ ಅಂತ ಒಂದು ಬೋರ್ಡೂ ಹಾಕಿ. ಹೆಣ್ಮಕ್ಕಳು ಬಟ್ಟೆ ಬದಲಾಯಿಸೋ, ಸ್ನಾನ ಮಾಡೋ ಜಾಗಕ್ಕೆ ಕ್ಯಾಮೆರಾ ತಿರುಗಿದ್ರೆ ಅದು ಡೇಟಾ ವಿಷಯ ಅಲ್ಲ ಸ್ವಾಮಿ, ಭಾರತೀಯ ನ್ಯಾಯ ಸಂಹಿತೆ 77ನೇ ಸೆಕ್ಷನ್, ಜೈಲು.

ಬಾಡಿಗೆ ಬಾಕಿ ಇಟ್ಟು ಓಡಿಹೋದೋರ ಫೋಟೊ, ಆಧಾರ್ ಹಾಕಿ "ಇವರಿಗೆ ಯಾರೂ ಮನೆ ಕೊಡಬೇಡಿ" ಅಂತ ಲೇಔಟ್ ಗ್ರೂಪಿಗೆ ಬಿಡೋದು ಈಗ ಮಾಮೂಲಾಗಿದೆ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದ್ರೆ ಅವರು ಆಧಾರ್ ಕೊಟ್ಟಿದ್ದು ಅದಕ್ಕಲ್ಲ, ಮಾನನಷ್ಟ ಅಂತ ಅವರೇ ಉಲ್ಟಾ ನೋಟಿಸ್ ಕಳಿಸಿದ್ರೆ ಬಾಕಿಗಿಂತ ವಕೀಲರ ಫೀಸೇ ಜಾಸ್ತಿ ಆಗತ್ತೆ. ಕರಾರು ಪತ್ರ ಇದೆ, ಅಡ್ವಾನ್ಸ್ ಇದೆ, ಸಾಲದಿದ್ರೆ ಕೋರ್ಟಿದೆ.

ಇಷ್ಟಾದ್ಮೇಲೂ ಫೋನ್ ಕಳೆದುಹೋಯ್ತು, ಇಲ್ಲಾ ವಾಟ್ಸಾಪ್ ಹ್ಯಾಕ್ ಆಯ್ತು ಅನ್ಕೊಳ್ಳಿ. ಮೊದಲು ಬಾಡಿಗೆದಾರರಿಗೆ ಅವತ್ತೇ ಫೋನ್ ಮಾಡಿ ಏನೇನು ಹೋಗಿದೆ ಅಂತ ನೇರವಾಗಿ ಹೇಳಿ, ಅವರು ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡ್ಕೊಳ್ಲಿ. ಬೋರ್ಡಿಗೂ ತಡಮಾಡದೆ ತಿಳಿಸಬೇಕು, ಪೂರ್ತಿ ವಿವರ 72 ಗಂಟೆ ಒಳಗೆ ಅಂತ ರೂಲ್ಸಲ್ಲಿದೆ. ದುಡ್ಡೇನಾದ್ರೂ ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬೆಳಗ್ಗೆ ನೋಡೋಣ ಅಂತ ಬಿಡಬೇಡಿ, ದುಡ್ಡು ಇನ್ನೊಂದು ಅಕೌಂಟಿಗೆ ದಾಟೋ ಮುಂಚೆ ತಡೆ ಹಿಡಿಯೋ ಚಾನ್ಸ್ ಇರೋದು ಆ ಮೊದಲ ಕೆಲವು ಗಂಟೇಲೇ.