ಸಿಟಿಯ ಖಾಲಿ ಸೈಟು, 99 ವರ್ಷದ ಲೀಸು: ಹತ್ತು ಮನೆ ಕಟ್ಟಿ ಮಾರಿದ ನನ್ನ ಅನುಭವ

‘ನೆಲ ನಿಮ್ಮದಲ್ಲ ಎಂದ ಮೇಲೆ ಮನೆಯನ್ನು ಯಾರು ಕೊಳ್ಳುತ್ತಾರೆ?’ ಎಂದು ಬಾಸ್ಟನ್ನಿನಲ್ಲಿ ನನ್ನ ಸಹೋದ್ಯೋಗಿಗಳೇ ಕೇಳಿದ್ದರು. ಬೆಂಗಳೂರಿನಿಂದ ಫೋನ್ ಮಾಡಿದ ಭಾವನವರ ಪ್ರಶ್ನೆಯೂ ಅದೇ ಆಗಿತ್ತು. ಲೀಸ್ ಎಂದರೆ ಅವರ ಪಾಲಿಗೆ ಮುಂಗಡ ಕೊಟ್ಟು ಮೂರು ವರ್ಷ ಇದ್ದು ಬಿಟ್ಟುಹೋಗುವ ಭೋಗ್ಯದ ಮನೆ. ನಮ್ಮದು ಬೇರೆ: ಬಾಸ್ಟನ್ ನಗರಾಡಳಿತದ, ಅಂದರೆ ಸಿಟಿಯ, ಖಾಲಿ ಸೈಟುಗಳಲ್ಲಿ ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಮನೆ ಕಟ್ಟಿ ಮನೆಯನ್ನಷ್ಟೇ ಮಾರುವುದು, ನೆಲವನ್ನು ಲ್ಯಾಂಡ್ ಟ್ರಸ್ಟ್ ಇಟ್ಟುಕೊಂಡು ಅವರಿಗೆ 99 ವರ್ಷದ ಲೀಸಿಗೆ ಕೊಡುವುದು. ನಾವು ಮಾರಿದ ಮನೆಗಳಲ್ಲಿ ಒಂದು 2024ರಲ್ಲಿ ಮರುಮಾರಾಟವೂ ಆಗಿರುವುದರಿಂದ ಈಗ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ರಾಕ್ಸ್‌ಬರಿ, ಡಾರ್ಚೆಸ್ಟರ್ ಎಂಬ ಬಾಸ್ಟನ್ ಬಡಾವಣೆಗಳ ಖಾಲಿ ಸೈಟುಗಳು ಸಿಟಿಯ ಕೈಗೆ ಹೇಗೆ ಬಂದವು ಎಂಬುದು ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ: ಬಡವರ, ಕಪ್ಪು ಜನರ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯವೆಂದು ಗುರುತಿಸಿದ 1930ರ ದಶಕದ ಕೆಂಪು ಗೆರೆಯ ನಕ್ಷೆಗಳು, ಸಾಲ ಕೊಡದ ಬ್ಯಾಂಕುಗಳು, ವಿಮೆಯ ಹಣಕ್ಕಾಗಿ ಹಚ್ಚಿದ ಬೆಂಕಿ, ತೆರಿಗೆ ಬಾಕಿ. ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ 2015ರ ವರದಿಯಲ್ಲಿ ಬಿಳಿಯ ಕುಟುಂಬಗಳ ನಿವ್ವಳ ಆಸ್ತಿಯ ಮಧ್ಯಾಂಕ 2,47,500 ಡಾಲರ್ ಇದ್ದರೆ, ವಲಸೆ ಬಂದವರನ್ನು ಬಿಟ್ಟು ಇಲ್ಲಿಯವರೇ ಆದ ಕಪ್ಪು ಕುಟುಂಬಗಳದ್ದು 8 ಡಾಲರ್. ಎಂಟು ಸಾವಿರವಲ್ಲ, ಎಂಟು.

ನಮ್ಮ ಮೊದಲ ಪ್ರಯತ್ನ 2014ರ ಸುಮಾರಿನದು. ಮೂರು ಸೈಟು, ಆರು ಮನೆ. ನೆಲಕ್ಕೆ ಸಿಟಿ ಹೆಸರಿಗಷ್ಟೇ ತಲಾ ನೂರು ಡಾಲರ್ ಪಡೆದಿತ್ತು. ನೆಲ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದ್ದು ಜೆಸಿಬಿ ಇಳಿಯುವವರೆಗೆ ಮಾತ್ರ. ಎರಡಡಿ ಅಗೆಯುತ್ತಲೇ ಹಳೆಯ ಮನೆಯ ನೆಲಮಾಳಿಗೆ ಬಾಯಿ ತೆರೆಯಿತು. ಒಳಗೆ ಸುಟ್ಟ ತೊಲೆ, ಇಟ್ಟಿಗೆ, ಕಲ್ಲಿದ್ದಲಿನ ಬೂದಿ, ಅವುಗಳ ನಡುವೆ ಅಂಗಾತ ಬಿದ್ದ ಒಂದು ಬೀಡುಕಬ್ಬಿಣದ ಸ್ನಾನದ ತೊಟ್ಟಿ. ಮಣ್ಣಿನಲ್ಲಿ ಸೀಸ ಹೆಚ್ಚಿದ್ದುದರಿಂದ ಅದನ್ನು ಟನ್ ಲೆಕ್ಕದಲ್ಲಿ ಹಣ ಕೊಟ್ಟು ದೂರದ ರಾಜ್ಯಕ್ಕೆ ಸಾಗಿಸಬೇಕಾಯಿತು. ಮೂರು ಸೈಟುಗಳಿಂದ ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ ಡಾಲರ್ ಮಣ್ಣಿಗೇ ಹೋಯಿತು. ಅಂದಿನಿಂದ ಮಣ್ಣಿನ ಪರೀಕ್ಷೆ ಮುಗಿಯುವವರೆಗೆ ನಾನು ಯಾವ ಆರ್‌ಎಫ್‌ಪಿಗೂ (ಸಿಟಿ ತನ್ನ ಸೈಟುಗಳಿಗಾಗಿ ಕರೆಯುವ ಪ್ರಸ್ತಾವನೆ, ಒಂದು ಬಗೆಯ ಟೆಂಡರ್) ಬೆಲೆ ಬರೆದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆ ಕೊಳ್ಳುವವರನ್ನು ಆರಿಸುವ ಲಾಟರಿಯ ನಂತರ. ಸುಮಾರು ನೂರೆಂಬತ್ತು ಅರ್ಜಿಗಳು ಬಂದು, ಆರು ಕುಟುಂಬಗಳಿಗೆ ಚೀಟಿ ಎದ್ದಿತು; ಆರರಲ್ಲಿ ನಾಲ್ಕು ಕುಟುಂಬಗಳು ಸಾಲ ಸಿಗದೆ ಬ್ಯಾಂಕಿನ ಬಾಗಿಲಲ್ಲೇ ನಿಂತವು. ಆದಾಯ ಎಎಂಐ (ಆ ಪ್ರದೇಶದ ಕುಟುಂಬಗಳ ನಡುಮಟ್ಟದ ಆದಾಯ) ಆಧರಿಸಿದ ಮಿತಿಯೊಳಗೇ ಇತ್ತು, ಆದರೆ ಒಬ್ಬರಿಗೆ ಹಳೆಯ ಆಸ್ಪತ್ರೆಯ ಬಾಕಿ, ಇನ್ನೊಬ್ಬರಿಗೆ ತಮ್ಮನ ಕಾರಿನ ಸಾಲಕ್ಕೆ ಹಾಕಿದ ಜಾಮೀನು. ಮನೆಗಳು ಬೀಗ ಹಾಕಿಕೊಂಡು ಎಂಟು ತಿಂಗಳು ನಿಂತಾಗ ನಿರ್ಮಾಣ ಸಾಲದ ಬಡ್ಡಿ ನಮ್ಮ ಸಣ್ಣ ಸಂಸ್ಥೆಯ ಇಬ್ಬರ ಸಂಬಳವನ್ನು ನುಂಗಿತು. ಆ ಇಬ್ಬರಲ್ಲಿ ನಾನೂ ಒಬ್ಬ.

ಎರಡನೆಯ ಸಲ ಐದು ಸೈಟು, ಹತ್ತು ಮನೆ. ಆಗ ಕ್ರಮವನ್ನೇ ತಲೆಕೆಳಗು ಮಾಡಿದೆ. ಪಾಯ ತೋಡುವುದಕ್ಕೆ ಹದಿನೆಂಟು ತಿಂಗಳು ಮೊದಲೇ ಚರ್ಚುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಕುಳಿತು ಕೊಳ್ಳುವವರ ಪಟ್ಟಿ ಮಾಡಿದೆವು; ಹೈಟಿಯವರ ಕ್ರಿಯೋಲ್, ಆಫ್ರಿಕಾದ ಪಶ್ಚಿಮ ಕಡಲಿನ ಕೇಪ್ ವರ್ಡ್ ದ್ವೀಪಗಳವರ ಕ್ರಿಯೋಲ್, ಸ್ಪ್ಯಾನಿಷ್, ಮೂರರಲ್ಲೂ ಮಾತನಾಡುವವರನ್ನು ಜೊತೆಗಿಟ್ಟುಕೊಂಡೆವು. 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಜನಾಂಗ ನೋಡಿ ಮನೆ ಮೀಸಲಿಡುವಂತಿಲ್ಲ, ಇಡಲೂ ಇಲ್ಲ. ಅರ್ಜಿಯ ವಿಷಯ ಯಾರ ಕಿವಿಗೆ ಬೀಳುತ್ತದೆ, ಯಾರ ಕಡತ ಲಾಟರಿಯ ದಿನಕ್ಕೆ ಸಿದ್ಧವಾಗಿರುತ್ತದೆ ಎಂಬಲ್ಲೇ ನಮ್ಮ ಕೆಲಸ ನಡೆಯಿತು. ಕೊಳ್ಳುವವರ ಕ್ರೆಡಿಟ್ (ಸಾಲ ತೀರಿಸಿದ ದಾಖಲೆ) ಸರಿಪಡಿಸಲು ನಾವು ಅನುಸರಿಸಿದ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಆರ್‌ಎಫ್‌ಪಿಗೆ ಅರ್ಜಿ ಹಾಕುವವರಲ್ಲಿ ನಾವೂ ಇದ್ದೇವೆ.

ಪ್ರತಿ ಮನೆಗೆ ತಗುಲಿದ ವೆಚ್ಚ ಹತ್ತಿರಹತ್ತಿರ ನಾಲ್ಕೂಮುಕ್ಕಾಲು ಲಕ್ಷ ಡಾಲರ್, ಮಾರಿದ್ದು 2.6 ಲಕ್ಷಕ್ಕೆ. ನಡುವಿನ ಅಂತರವನ್ನು ಸಿಟಿ ಮತ್ತು ರಾಜ್ಯದ ಹಣ ತುಂಬಿತು. ಆ ಅನುದಾನ ಮೊದಲ ಮಾಲೀಕರ ಜೇಬಿಗೆ ಹೋಗಿ ಮುಗಿಯಬಾರದೆಂದೇ ನೆಲವನ್ನು ಟ್ರಸ್ಟಿನಲ್ಲಿ ಉಳಿಸಿ 99 ವರ್ಷದ ಲೀಸ್ ಬರೆದದ್ದು. ಸಾಲ ಕೊಡಬೇಕಿದ್ದ ಮೊದಲ ಬ್ಯಾಂಕಿನ ವಕೀಲರು ಲೀಸ್ ಎಂಬ ಪದ ಕಂಡೊಡನೆ ಕಡತ ಮುಚ್ಚಿದರು. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ ಲ್ಯಾಂಡ್ ಟ್ರಸ್ಟ್ ಲೀಸಿಗಾಗಿಯೇ ರೂಪಿಸಿರುವ ರೈಡರ್ (ಹೆಚ್ಚುವರಿ ಷರತ್ತಿನ) ಪತ್ರವನ್ನು ಹಿಡಿದು ಐದು ಬ್ಯಾಂಕುಗಳಿಗೆ ಅಲೆದ ಮೇಲೆ ಎರಡು ಒಪ್ಪಿದವು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕಾರ್ಖಾನೆಯಲ್ಲಿ ಸಿದ್ಧವಾದ ಮನೆಯ ಪೆಟ್ಟಿಗೆಗಳನ್ನು ಕ್ರೇನಿನಿಂದ ಕೂರಿಸಿದರೆ ಶೇ. 15 ಉಳಿಯುತ್ತದೆಂದು ಲೆಕ್ಕ ಹಾಕಿದ್ದೆ. ಆ ಬೀದಿಯ ತಿರುವಿನಲ್ಲಿ ಟ್ರೇಲರ್ ಹೊರಳಲಿಲ್ಲ, ವಿದ್ಯುತ್ ತಂತಿ ಇಳಿಸಲು ಅನುಮತಿ ಸಿಗುವಷ್ಟರಲ್ಲಿ ಹನ್ನೊಂದು ದಿನ ಕ್ರೇನಿನ ಬಾಡಿಗೆ ಏರಿತು, ಉಳಿತಾಯವೆಲ್ಲ ಅಲ್ಲಿಗೆ ಸರಿಹೋಯಿತು. ಮನೆ ಕಟ್ಟಲಾಗದಷ್ಟು ಕಿರಿದಾದ ಪಕ್ಕದ ತುಂಡಿನಲ್ಲಿ ಹೊಸ ಮಣ್ಣು ತುಂಬಿ ಮಡಿ ಮಾಡಿ, ಕೇಪ್ ವರ್ಡಿಯನ್ ಅಜ್ಜಿಯೊಬ್ಬರೊಂದಿಗೆ ತೊಗರಿ ಬಿತ್ತಿದೆ. ನಮ್ಮ ತೊಗರಿ ಅವರ ಅಡುಗೆಯಲ್ಲೂ ಉಂಟು. ಗಿಡಗಳು ಆಳೆತ್ತರಕ್ಕೆ ಬೆಳೆದರೂ ಕಾಯಿ ಕಟ್ಟುವ ಮೊದಲೇ ಹಿಮ ಬಿದ್ದು ಕಪ್ಪಾದವು.

ಚರ್ಚಿನ ಸಭೆಯೊಂದರಲ್ಲಿ ಹಿರಿಯರೊಬ್ಬರು, ‘ಬಿಳಿಯರಿಗೆ ನೆಲ ಸಮೇತ, ನಮಗೆ ಮಾತ್ರ ನೆಲ ಬಿಟ್ಟು ಮನೆಯೇ?’ ಎಂದು ಕೇಳಿದ್ದರು. ಆ ಪ್ರಶ್ನೆಯಲ್ಲಿ ನ್ಯಾಯವಿದೆ, ಇಂದಿಗೂ ನನ್ನನ್ನು ಅದು ಬಿಟ್ಟಿಲ್ಲ. ಈ ಪದ್ಧತಿಯನ್ನು 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ‘ನ್ಯೂ ಕಮ್ಯುನಿಟೀಸ್’ ಹೆಸರಿನಲ್ಲಿ ಆರಂಭಿಸಿದವರು ಕಪ್ಪು ರೈತರ ಹಕ್ಕಿಗಾಗಿ ಹೋರಾಡಿದವರೇ ಎಂದೆ; ಅವರಿಗೆ ದಾರಿ ತೋರಿದ ಮಾದರಿಗಳಲ್ಲಿ ಹಳ್ಳಿಯ ನೆಲವನ್ನು ಊರಿನ ಒಡೆತನಕ್ಕೆ ಒಪ್ಪಿಸುವ ವಿನೋಬಾರ ಗ್ರಾಮದಾನವೂ ಒಂದು, ಅದರ ಸರ್ವಪಕ್ಷ ಸಮ್ಮೇಳನ 1957ರಲ್ಲಿ ನಡೆದದ್ದು ಮೈಸೂರಿನ ಪಕ್ಕದ ಇಲವಾಲದಲ್ಲಿ ಎಂದೂ ಸೇರಿಸಿದೆ. ಆ ಹಿರಿಯರು ನಕ್ಕು, ‘ಹಾಗಾದರೆ ಮಾರುವ ದಿನ ನನ್ನ ಮಗಳ ಕೈಗೆ ಎಷ್ಟು ಬರುತ್ತದೆ, ಅದನ್ನು ಹೇಳಿ’ ಎಂದರು.

ಆ ದಿನ ನನ್ನಲ್ಲಿ ಮರುಮಾರಾಟದ ಬೆಲೆ ಗೊತ್ತುಮಾಡುವ ಲೀಸಿನ ಸೂತ್ರವಿತ್ತು, ಉತ್ತರವಿರಲಿಲ್ಲ. 2019ರಲ್ಲಿ 2.6 ಲಕ್ಷಕ್ಕೆ ಕೊಂಡ ಮನೆಯನ್ನು ಒಂದು ಕುಟುಂಬ ಐದು ವರ್ಷದ ಮೇಲೆ ಸೂತ್ರದಂತೆ ಸುಮಾರು 2.85 ಲಕ್ಷಕ್ಕೆ ಬಿಟ್ಟುಕೊಟ್ಟಿತು. ತೀರಿದ ಅಸಲೂ ಸೇರಿ ಅವರ ಕೈಗೆ ಐವತ್ತು ಸಾವಿರ ಡಾಲರ್‌ಗೆ ಕೊಂಚ ಕಡಿಮೆ ಬಂತು. ಅದನ್ನೇ ಡೌನ್ ಪೇಮೆಂಟ್ ಮಾಡಿ ಹತ್ತಿರದ ಬ್ರಾಕ್ಟನ್ ಊರಿನಲ್ಲಿ, ಈ ಸಲ ನೆಲ ಸಮೇತ, ಮನೆ ಕೊಂಡರು. ಬಿಟ್ಟ ಮನೆಗೆ ಪಟ್ಟಿಯಲ್ಲಿದ್ದ ಮುಂದಿನ ಕುಟುಂಬ ಮೂರು ವಾರದಲ್ಲಿ ಸಹಿ ಹಾಕಿತು, ಹೊಸ ಅನುದಾನವೇನೂ ಬೇಕಾಗಲಿಲ್ಲ. ಆ ಕ್ಲೋಸಿಂಗ್ (ಮಾರಾಟ ಮುಗಿಸುವ ದಿನದ) ಲೆಕ್ಕದ ಹಾಳೆಯ ಪ್ರತಿಯೊಂದನ್ನು, ಹೆಸರು ಅಳಿಸಿ, ಚರ್ಚಿನ ಹಿರಿಯರಿಗೆ ಕೊಟ್ಟು ಬಂದೆ. ಅವರ ಮಗಳ ಅರ್ಜಿ ಈಗ ನನ್ನ ಮೇಜಿನ ಮೇಲಿದೆ.