ಗಾಳಿ ಏಳುವವರೆಗೆ ಕಾದು ಹೊರಟ ಸೈಕಲ್ ಸುತ್ತು

ಸೈಕಲ್ ಎಂದರೆ ಬೆಳಗಿನ ಐದಕ್ಕೇ ಹೊರಡಬೇಕು ಎನ್ನುವುದು ನಮ್ಮ ಬೆಂಗಳೂರಿನ ಸವಾರರ ಕಟ್ಟಪ್ಪಣೆ. ಸ್ಕಾಟ್ಲೆಂಡಿನ ಟ್ರಾಸಕ್ಸ್ ಸೀಮೆಯಲ್ಲಿ ಹನ್ನೊಂದಕ್ಕೆ ಹೊರಡುತ್ತೇನೆ ಎಂದಾಗ ಗ್ಲಾಸ್ಗೋದ ಅಳಿಯನೂ ನಕ್ಕ, ಊರಿನ ಗೆಳೆಯರೂ ನಕ್ಕರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ. ಅವಸರ ಯಾರಿಗೆ?

ಅಬರ್‌ಫಾಯಿಲ್‌ನಿಂದ ಹೊರಟು ಕ್ಯಾಟ್ರಿನ್ ಸರೋವರ ಬಳಸಿ ಅಲ್ಲಿಗೇ ಮರಳುವ ಸುತ್ತು ಸುಮಾರು 50 ಕಿ.ಮೀ. ಎಲ್ಲರ ಮಾತಿನಂತೆ ಹಿಂದೊಮ್ಮೆ ಡ್ಯೂಕ್ಸ್ ಪಾಸ್ ಎಂಬ ಘಾಟಿರಸ್ತೆಯ ಏರನ್ನೇ ಮೊದಲು ಹತ್ತಿದ್ದೆ. ಬೆನ್ನಿಗೆ ರಜೆಯ ಕಾರುಗಳ ಸಾಲು, ಆಮೇಲೆ ಸರೋವರದ ಉದ್ದಕ್ಕೂ ಪಶ್ಚಿಮದ ಎದುರುಗಾಳಿ. ಇನ್ನೊಮ್ಮೆ ಅಳಿಯನ ಒತ್ತಾಯಕ್ಕೆ ಐವತ್ತು ಪೌಂಡ್ ಸುರಿದು ವಿದ್ಯುತ್ ಸೈಕಲ್ ಬಾಡಿಗೆಗೆ ಹಿಡಿದೆ. ಅದರ ಬ್ಯಾಟರಿ ಏರಿನ ನಡುವೆಯೇ ಕೈಕೊಟ್ಟಿತು. ಇಪ್ಪತ್ತು ಕಿಲೋ ಮೀರಿದ ಆ ಭಾರವನ್ನು ಮೇಲಕ್ಕೆ ತಳ್ಳಿದ್ದಕ್ಕೂ ಪೂರ್ತಿ ಬಾಡಿಗೆಯನ್ನೇ ತೆತ್ತೆ.

ಈ ಸಲ ಬ್ಯಾಟರಿಯಿಲ್ಲದ ಸಾದಾ ಹೈಬ್ರಿಡ್ ಸೈಕಲ್ ಸಾಕೆಂದೆ. ಏರು ಹಗುರಾಗಲು ಹಿಂಚಕ್ರದ ದೊಡ್ಡ ಗೇರಿಗೆ 34 ಹಲ್ಲು ಇರಲೇಬೇಕೆಂದು ಮಾತ್ರ ಹಟ ಹಿಡಿದೆ. ದಿನಕ್ಕೆ ಇಪ್ಪತ್ತೈದು ಪೌಂಡ್ ಆಸುಪಾಸು. ಸಂಜೆ ಐದಕ್ಕೆ ಅಂಗಡಿ ಮುಚ್ಚುವುದರಿಂದ ಸೈಕಲ್ಲನ್ನು ಮರುದಿನ ಬೆಳಿಗ್ಗೆ ಮರಳಿಸುವ ಮಾತಾಡಿ ಇನ್ನೊಂದು ಹತ್ತು ಪೌಂಡ್ ಕೊಟ್ಟೆ. ನನ್ನ ಉಪಾಯವೆಲ್ಲ ನಿಂತಿದ್ದುದು ಆ ಹತ್ತು ಪೌಂಡಿನ ಮೇಲೆ.

ತಡವಾಗಿ ಹೊರಡಲು ಮುಖ್ಯ ಕಾರಣ ಮಿಜ್ ಎಂಬ ನುಸಿ. ಗಾಳಿ ಗಂಟೆಗೆ ಹತ್ತು ಕಿ.ಮೀ. ದಾಟಿದರೆ ಅದಕ್ಕೆ ಹಾರಲಾಗದು. ಬೆಳಗಿನ ನಿಶ್ಚಲ ಹೊತ್ತಿನಲ್ಲಿ ಕಿವಿ, ಮೂಗು, ಹೆಲ್ಮೆಟ್ಟಿನ ಒಳಗೆಲ್ಲ ಅದರದೇ ರಾಜ್ಯ. ಹನ್ನೊಂದರ ಸುಮಾರಿಗೆ ಮರದ ತುದಿ ಅಲ್ಲಾಡತೊಡಗಿದ ಮೇಲೆಯೇ ಪೆಡಲ್ ತುಳಿದೆ, ಅದೂ ಡ್ಯೂಕ್ಸ್ ಪಾಸನ್ನು ಕೊನೆಗಿಟ್ಟು ಉಲ್ಟಾ ದಿಕ್ಕಿನಲ್ಲಿ. ಆರ್ಡ್ ಮತ್ತು ಕಾನ್ ಸರೋವರಗಳ ಪಕ್ಕದ ಒಂಟಿದಾರಿಯಲ್ಲಿ ಗಾಳಿಯನ್ನು ಕಾಡೇ ಮುರಿಯುತ್ತದೆ. ಹಾಗಾಗಿ ಎದುರುಗಾಳಿಯ ಪಾಲನ್ನು ಅಲ್ಲೇ ತೀರಿಸಿಬಿಡಬೇಕು. ಕ್ಯಾಟ್ರಿನ್ ದಡದ ಸ್ಟ್ರೊನಾಕ್ಲಾಕರ್‌ನಲ್ಲಿ ಚಹಾ, ಜೊತೆಗೆ ಮಗಳು ಕಟ್ಟಿಕೊಟ್ಟ ಚಟ್ನಿಪುಡಿ ಚಪಾತಿ.

ಸರೋವರದ ಪಶ್ಚಿಮ ತುದಿಯ ಗ್ಲೆನ್‌ಗೈಲ್ ತಿರುವು ದಾಟಿದ್ದೇ ತಡ, ಗಾಳಿ ಬೆನ್ನಿಗೆ ಬಂತು. ಉತ್ತರ ದಡದ ಇಪ್ಪತ್ತೊಂದು ಕಿ.ಮೀ.ನಲ್ಲಿ ಕಾರುಗಳ ಕಾಟವಿಲ್ಲ. ಕುರಿಗಳು, ಚಿಕ್ಕ ಚಿಕ್ಕ ಕಡಿದಾದ ಏರಿಳಿತಗಳು, ದನ ದಾಟದಂತೆ ರಸ್ತೆಗೆ ಹಾಸಿದ ಕಬ್ಬಿಣದ ಸರಳುಗಳು, ಇಷ್ಟೇ. ಒದ್ದೆ ಸರಳಿನ ಮೇಲೆ ಹ್ಯಾಂಡಲ್ ತಿರುಗಿಸಬಾರದೆಂದು ನಿಮಗೆ ಹೇಳಬೇಕಿಲ್ಲ. 1859ರಿಂದ ಗ್ಲಾಸ್ಗೋಗೆ ಕುಡಿಯುವ ನೀರು ಹೋಗುತ್ತಿರುವುದು ಈ ಸರೋವರದಿಂದಲೇ, ಅದೂ ಇಳಿಜಾರನ್ನೇ ನಂಬಿ. ಕಾವೇರಿ ನೀರನ್ನು ಪಂಪ್ ಹಾಕಿ ಮೇಲೆತ್ತಿ ಕುಡಿಯುವ ಊರಿನವನಿಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಸಂಜೆ ಏಳರ ನಂತರ ಡ್ಯೂಕ್ಸ್ ಪಾಸ್ ಬಹುತೇಕ ಖಾಲಿ. ಆದರೆ ಗಾಳಿಯೂ ತಗ್ಗಿತ್ತು. ಏಳೆಂಟು ಕಿ.ಮೀ. ವೇಗದಲ್ಲಿ ಹತ್ತುವವನನ್ನು ನುಸಿ ಬಿಡುವುದಿಲ್ಲ. ಇದು ಗೊತ್ತಿದ್ದೇ ಬಲಗೈಗೆ ಅಂಗಡಿಯ ಮುಲಾಮು, ಎಡಗೈಗೆ ನಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಪರೀಕ್ಷೆ ಮಾಡಿದ್ದೆ. ತುದಿ ತಲುಪಿ ನೋಡಿದರೆ ನುಸಿ ಅಂಟಿದ ಎಡಗೈ ಎಳ್ಳು ಉದುರಿಸಿದ ಚಕ್ಕುಲಿಯಂತಿತ್ತು, ಆದರೆ ಒಂದೂ ಕಚ್ಚಿರಲಿಲ್ಲ. ಬಲಗೈಯಲ್ಲಿ ಅಲ್ಲಲ್ಲಿ ದದ್ದು. ಎಣ್ಣೆಗೆ ಇನ್ನೊಂದು ವಸ್ತು ಬೆರೆಸಿದ್ದೆ. ಅದು ಏನೆಂದು ಸದ್ಯಕ್ಕೆ ಹೇಳುವುದಿಲ್ಲ.

ಒಂಬತ್ತಕ್ಕೆ ಮೊದಲೇ ಅಬರ್‌ಫಾಯಿಲ್‌ಗೆ ಇಳಿದಿದ್ದೆ, ತಳ್ಳದೆ, ಲೈಟು ಹಾಕದೆ. ಚಹಾ ಸೇರಿ ಖರ್ಚು ನಲವತ್ತು ಪೌಂಡಿನ ಸುಮಾರು, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರದ ಮೇಲೆ. ಮುಂದಿನದು ಅರಾನ್ ದ್ವೀಪದ ಸುತ್ತು, 90 ಕಿ.ಮೀ. ಹತ್ತಿರ. ದ್ವೀಪ ಸುತ್ತುವಾಗ ಎದುರುಗಾಳಿ ಹೇಗೂ ತಪ್ಪದು. ಅದನ್ನು ಬೆಟ್ಟದ ಮರೆಯ ಕಡೆಗೆ ತಳ್ಳುವ ಲೆಕ್ಕ ಇನ್ನೂ ಕೂಡಿಬರಬೇಕು.