ಒಂದೇ ವಾರ್ಡು, ಇಬ್ಬರು ಹನುಮಂತಪ್ಪ: ನನ್ನ ಫೆಲೋಶಿಪ್ ಅನುಭವ

ಮೊನ್ನೆ ನಮ್ಮ ವಾರ್ಡಿನ ಜೂನಿಯರ್ ಸಿಸ್ಟರ್ ಒಬ್ಬಳು, "ಅಕ್ಕಾ, ನೀವು ಆ ಕ್ವಾಲಿಟಿ ಫೆಲೋಶಿಪ್ ಮಾಡಿದ್ರಲ್ಲ, ಅದರಿಂದ ಏನು ಸಿಕ್ತು? ನಾನೂ ಸೇರ್ಕೊಳ್ಳಲಾ?" ಎಂದು ಕೇಳಿದಳು. ಆಸ್ಪತ್ರೆಯ ಗುಣಮಟ್ಟ, ರೋಗಿಗಳ ಸುರಕ್ಷತೆ ಬಗ್ಗೆ ಕಲಿಸುವ ಒಂದು ವರ್ಷದ ಕೋರ್ಸ್ ಅದು. ಡ್ಯೂಟಿ ಬದಲಾಗುವ ಹೊತ್ತು, ನಿಂತು ಹೇಳೋಕೆ ಆಗಲಿಲ್ಲ. ಅವಳಿಗೆ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಹೇಳಬೇಕೆಂದರೆ 2009ರಿಂದ ಶುರು ಮಾಡಬೇಕು.

ಆಗ ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡಸರ ವಾರ್ಡು, ಸಂಜೆ ಡ್ಯೂಟಿ. 14ನೇ ಬೆಡ್‌ನಲ್ಲಿ ಹನುಮಂತಪ್ಪ ಅಂತ ಒಬ್ಬರು ಸಕ್ಕರೆ ಕಾಯಿಲೆಯವರು, ರಾತ್ರಿ ಊಟಕ್ಕೆ ಮುಂಚೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಅವತ್ತು ಮಧ್ಯಾಹ್ನ ಆ ಬೆಡ್ ಮೇಲಿನ ಫ್ಯಾನ್ ಕೆಟ್ಟಿತು ಅಂತ ಅವರನ್ನು 19ಕ್ಕೆ ಕಳಿಸಿದ್ದರು. ಸಂಜೆ ಹೊತ್ತಿಗೆ ಫ್ಯಾನ್ ರಿಪೇರಿ ಆಯ್ತು. ಅಷ್ಟರಲ್ಲಿ ಜಗಳೂರು ಕಡೆಯಿಂದ ಕಾಲಿನ ಗಾಯಕ್ಕೆ ಅಂತ ಇನ್ನೊಬ್ಬರು ಅಡ್ಮಿಟ್ ಆದರು, ಅವರನ್ನು 14ರಲ್ಲಿ ಮಲಗಿಸಿದರು. ಅವರ ಹೆಸರೂ ಹನುಮಂತಪ್ಪ. ಡ್ಯೂಟಿ ಬದಲಾಗುವಾಗ ಹೇಳುವ ಹ್ಯಾಂಡೋವರ್‌ನಲ್ಲಿ ಇದ್ಯಾವುದೂ ನನಗೆ ಬರಲಿಲ್ಲ. ನಾನು ಟ್ರೇ ಹಿಡಿದುಕೊಂಡು 14ಕ್ಕೆ ಹೋದೆ. "ಅಜ್ಜಾ, ಹನುಮಂತಪ್ಪ ಅಲ್ವಾ ನೀವು?" ಅಂದೆ. "ಹ್ಞೂಂ ಯವ್ವಾ" ಅಂದರು. ಕೊಟ್ಟುಬಿಟ್ಟೆ.

ಹತ್ತು ನಿಮಿಷಕ್ಕೆ ಅವರ ಮಗ ಹೊರಗಿಂದ ಬಂದವನು, "ಸಿಸ್ಟ್ರೇ, ಅಪ್ಪಂಗೆ ಎಂಥ ಇಂಜೆಕ್ಷನ್ನು? ಸಕ್ಕರೆ ಗಿಕ್ಕರೆ ಇಲ್ವಲ್ಲ ಅವ್ರಿಗೆ" ಅಂದ. ನನ್ನ ಕೈಕಾಲು ತಣ್ಣಗಾದವು. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಗ್ಲೂಕೋಸ್ ಹಾಕಿದರು, ಬೆಳಗಿನವರೆಗೆ ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಿದೆವು. ಒಂದು ಸಾರಿ 58ಕ್ಕೆ ಇಳಿಯಿತು. ಡ್ಯೂಟಿ ಮುಗಿದರೂ ನಾನು ಮನೆಗೆ ಹೋಗದೆ ಆ ಬೆಡ್ ಪಕ್ಕದಲ್ಲೇ ಕೂತಿದ್ದೆ. ಬೆಳಿಗ್ಗೆ ಅಜ್ಜ ಎದ್ದು ಚಹಾ ಕೇಳಿದಾಗ ಬಾತ್‌ರೂಮಿಗೆ ಹೋಗಿ ಅತ್ತೆ. ಆ ಕಡೆ 19ರಲ್ಲಿದ್ದ ಹನುಮಂತಪ್ಪನವರಿಗೆ ಕೊಡಬೇಕಾದ ಇನ್ಸುಲಿನ್ ತಪ್ಪಿಹೋಗಿದ್ದು ಮಾರನೇ ದಿನವೇ ಗೊತ್ತಾಗಿದ್ದು.

ನನಗೆ ಮೆಮೊ ಬಂತು. ಕ್ಷಮಾಪಣೆ ಬರೆದುಕೊಟ್ಟೆ. ಅಲ್ಲಿಗೆ ಮುಗಿಯಿತು. ಬೆಡ್ ಯಾಕೆ ಬದಲಾಯಿಸಿದಿರಿ, ಯಾರಿಗೆ ಹೇಳಿದಿರಿ, ಒಂದೇ ಹೆಸರಿನವರು ಇಬ್ಬರಿದ್ದಾರೆ ಅಂತ ಎಲ್ಲಾದರೂ ಬರೆದಿತ್ತಾ ಅಂತ ಯಾರೂ ಕೇಳಲಿಲ್ಲ. ಕೇಳಬೇಕು ಅನ್ನೋದು ನನಗೂ ಹೊಳೆಯಲಿಲ್ಲ. ನಾನು ಸರಿಯಿಲ್ಲ, ನನ್ನ ಗಮನ ಸಾಲದು ಅಂತಲೇ ಹನ್ನೆರಡು ವರ್ಷ ಅಂದುಕೊಂಡಿದ್ದೆ.

2021ರ ಕೊನೆಗೆ, ಆಗ ಕೆಲಸಕ್ಕಿದ್ದ ಬೇರೊಂದು ಆಸ್ಪತ್ರೆಯಲ್ಲಿ ನನ್ನನ್ನು ವಾರ್ಡ್ ಇನ್‌ಚಾರ್ಜ್ ಮಾಡಿದರು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ಗೆ ತಯಾರಿ ನಡೆದಿತ್ತು. ಫೈಲು, ರಿಜಿಸ್ಟರು, ಫಾರ್ಮು ಅಂತ ದಿನವಿಡೀ ಬರೆಯುತ್ತಿದ್ದೆ, ಯಾಕೆ ಬರೆಯುತ್ತಿದ್ದೇನೆ ಅನ್ನೋದು ಗೊತ್ತಿರಲಿಲ್ಲ. ಆಗ ನಮ್ಮ ಅರಿವಳಿಕೆ ಡಾಕ್ಟರ್ ಮೇಡಂ ಈ ಫೆಲೋಶಿಪ್ ಬಗ್ಗೆ ಹೇಳಿದರು. ಒಂದು ವರ್ಷ. ಶನಿವಾರ, ಭಾನುವಾರ ಆನ್‌ಲೈನ್ ಕ್ಲಾಸು, ಮೂರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಎರಡು ದಿನ, ಮತ್ತೆ ನಮ್ಮದೇ ಆಸ್ಪತ್ರೆಯಲ್ಲಿ ಒಂದು ಸುಧಾರಣೆಯ ಪ್ರಾಜೆಕ್ಟ್. "ನರ್ಸಿಗೆ ಯಾಕಮ್ಮ ಇದೆಲ್ಲ, ಡಾಕ್ಟರ್‌ಗಳು ಮಾಡ್ತಾರೆ ಬಿಡು" ಅಂದವರಿದ್ದರು. ಆದರೆ ರೋಗಿ ಪಕ್ಕ ಇಪ್ಪತ್ನಾಲ್ಕು ಗಂಟೆ ಇರೋರು ನಾವು ಅಲ್ವಾ? ಚೀಟಿ ಹಣ ಎತ್ತಿ ಅರ್ಧ ಫೀಸು ಕಟ್ಟಿದೆ, ಉಳಿದರ್ಧ ಆಸ್ಪತ್ರೆಯವರು ಕೊಟ್ಟರು. ಮಗಳು ಆಗ ಎಂಟನೇ ಕ್ಲಾಸು. ಭಾನುವಾರದ ಅಡುಗೆ ನಮ್ಮತ್ತೆ ವಹಿಸಿಕೊಂಡರು.

ನಾನು ಓದಿದ್ದು ಕನ್ನಡ ಮೀಡಿಯಂ. ಮೊದಲ ಎರಡು ತಿಂಗಳು ಇಂಗ್ಲಿಷ್ ಲೇಖನಗಳನ್ನು ಓದೋದೇ ಕಷ್ಟ ಆಯ್ತು. ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಪಾಠವನ್ನೂ ನನ್ನ ಮಾತಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಸೇರೋ ಆಸೆಯಿರುವ ನರ್ಸ್‌ಗಳಿಗೆ ನಾನು ಮೊದಲು ಹೇಳೋದು ಇದನ್ನೇ. ನಿಮ್ಮ ಮಾತಿನಲ್ಲಿ ಬರೆಯೋಕೆ ಬಂದರೆ ಅರ್ಥವಾಗಿದೆ ಅಂತ.

ಎರಡನೇ ತಿಂಗಳಲ್ಲಿ ಜೇಮ್ಸ್ ರೀಸನ್ ಅವರ ಪಾಠ ಬಂತು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು. ಆಸ್ಪತ್ರೆಯಲ್ಲಿ ಆಗುವ ಅನಾಹುತ ಒಬ್ಬರ ಒಂದು ತಪ್ಪಿನಿಂದ ಆಗೋದಲ್ಲ, ತಡೆಯಬೇಕಾದ ಪದರಗಳಲ್ಲೆಲ್ಲ ತೂತುಗಳಿದ್ದು ಅವೆಲ್ಲ ಒಂದೇ ಸಾಲಿಗೆ ಬಂದಾಗ ಆಗುತ್ತೆ ಅಂತ ಅವರು ಹೇಳಿದ್ದು. 2000ದಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅವರ ಲೇಖನವನ್ನು ಓದಿಸಿದರು. ಅವರು ತೂತಿರುವ ಚೀಸ್ ಉದಾಹರಣೆ ಕೊಡುತ್ತಾರೆ. ನಾನು ಆ ಚೀಸ್ ನೋಡಿಲ್ಲ, ನೋಟ್‌ಬುಕ್‌ನಲ್ಲಿ ನಮ್ಮೂರ ಬೆಣ್ಣೆ ದೋಸೆ ಅಂತ ಬರೆದುಕೊಂಡೆ. ಒಂದರ ಮೇಲೊಂದು ನಾಲ್ಕು ದೋಸೆ ಇಟ್ಟರೆ ಒಂದರ ತೂತು ಇನ್ನೊಂದು ಮುಚ್ಚುತ್ತೆ. ಎಲ್ಲಾ ತೂತು ನೇರಕ್ಕೆ ಬಂದ ದಿನ ಮಾತ್ರ ಮೇಲೆ ಹಾಕಿದ ತುಪ್ಪ ತಟ್ಟೆಗೆ ಇಳಿಯುತ್ತೆ.

ಅವತ್ತು ರಾತ್ರಿ ಕೂತು 2009ರ ಸಂಜೆಯನ್ನು ಮೊದಲ ಸಲ ಪದರ ಪದರವಾಗಿ ಬರೆದೆ. ಫ್ಯಾನ್ ಕೆಟ್ಟಿದ್ದು. ಬೆಡ್ ಬದಲಾಯಿಸಿ ಬರೆಯದೇ ಇದ್ದದ್ದು. ಬೆಡ್ ನಂಬರನ್ನೇ ರೋಗಿಯ ಗುರುತು ಅಂದುಕೊಂಡಿದ್ದು. ಕೈಗೆ ಹೆಸರು, ನಂಬರ್ ಇರುವ ಬ್ಯಾಂಡ್ ಇಲ್ಲದ್ದು. ಕೇಸ್ ಶೀಟು ನರ್ಸಿಂಗ್ ಸ್ಟೇಷನ್ನಿನಲ್ಲೇ ಇದ್ದು ಟ್ರೇ ಮಾತ್ರ ಬೆಡ್ ಹತ್ತಿರ ಬಂದದ್ದು. ಇನ್ಸುಲಿನ್‌ನಂಥ ಅಪಾಯದ ಔಷಧಿಯನ್ನು ಇನ್ನೊಬ್ಬರು ನೋಡದೆ ಕೊಡಬಹುದಾಗಿದ್ದು. ಕೊನೆಗೆ ನಾನು. ನನ್ನ ತಪ್ಪು ಇರಲಿಲ್ಲ ಅಂತಲ್ಲ. ಆದರೆ ಆ ಜಾಗದಲ್ಲಿ ಬೇರೆ ಯಾವ ಸಿಸ್ಟರ್ ಇದ್ದಿದ್ದರೂ ಅದೇ ಆಗುತ್ತಿತ್ತು. ನನ್ನನ್ನು ತೆಗೆದುಹಾಕಿದ್ದರೂ ಆ ತೂತುಗಳು ಹಾಗೇ ಇರುತ್ತಿದ್ದವು.

ನನ್ನ ಪ್ರಾಜೆಕ್ಟ್ ಏನು ಅಂತ ಆಗಲೇ ತೀರ್ಮಾನ ಆಯ್ತು. ಔಷಧಿ ಕೊಡುವ ಮುಂಚೆ ರೋಗಿ ಯಾರು ಅಂತ ಖಚಿತ ಮಾಡಿಕೊಳ್ಳೋದು. ಕೇಳೋಕೆ ಇಷ್ಟೇನಾ ಅನ್ನಿಸುತ್ತೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆ ಅಂತ ಒಂಬತ್ತು ಉಪಾಯಗಳನ್ನು ಕೊಟ್ಟಾಗ ಅದರಲ್ಲಿ ಇದೂ ಒಂದು. ಕನಿಷ್ಠ ಎರಡು ಗುರುತು ನೋಡಬೇಕು, ಆ ಎರಡರಲ್ಲಿ ರೂಮ್ ನಂಬರ್ ಇರಬಾರದು. ನಮ್ಮಂಥ ವಾರ್ಡಿಗೆ ಅಂದರೆ ಬೆಡ್ ನಂಬರ್. 2008ರಲ್ಲಿ ಅದೇ ಸಂಸ್ಥೆಯಿಂದ ಬಂದ ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ, ಶುರುವಾಗೋದೇ ರೋಗಿಯ ಗುರುತಿನಿಂದ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು 100ಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು. ಒಂದು ಹಾಳೆ, ಗಟ್ಟಿಯಾಗಿ ಓದಿ ಹೇಳೋದು, ಅಷ್ಟೇ.

ನಾನು ಮೊದಲು ಬರೆದುಕೊಟ್ಟ ಗುರಿ "ಆಸ್ಪತ್ರೆಯಲ್ಲಿ ಔಷಧಿ ತಪ್ಪುಗಳನ್ನು ಕಡಿಮೆ ಮಾಡುವುದು." ನಮ್ಮ ಗೈಡ್ ಮೇಡಂ ವಾಪಸ್ ಕಳಿಸಿದರು. ಎಷ್ಟು, ಎಲ್ಲಿ, ಯಾವಾಗಿನೊಳಗೆ ಅಂತ ಕೇಳಿದರು. ಮೂರು ಸಲ ತಿದ್ದಿ ಕೊನೆಗೆ ಒಂದು ವಾರ್ಡು, ಒಂದು ಶಿಫ್ಟು, ಆರು ತಿಂಗಳು ಅಂತ ಆಯ್ತು. ಈಗ ಅನ್ನಿಸುತ್ತೆ, ಫೆಲೋಶಿಪ್‌ನಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಕೆಲಸವನ್ನು ಅಷ್ಟು ಚಿಕ್ಕದು ಮಾಡಿಕೊಳ್ಳೋದೇ.

ಆಮೇಲೆ ಎಣಿಸೋಕೆ ಶುರು ಮಾಡಿದೆ. ವಾರಕ್ಕೆ 20 ಸಲ, ಔಷಧಿ ಕೊಡುವಾಗ ಗುರುತು ನೋಡುತ್ತಾರಾ ಇಲ್ವಾ ಅಂತ. ಮೊದಲ ವಾರ ಪುಸ್ತಕ ಹಿಡಿದು ನಿಂತೆ, 20ಕ್ಕೆ 18 ಬಂತು. ಖುಷಿಯಾದೆ. ಗೈಡ್ ಮೇಡಂ, "ನೀವು ನಿಂತಿದ್ದಕ್ಕೆ ನೋಡಿದ್ದಾರೆ, ಪುಸ್ತಕ ಬಿಟ್ಟು ನೋಡಿ" ಅಂದರು. ಮುಂದಿನ ವಾರ ನನ್ನ ಕೆಲಸ ಮಾಡುತ್ತಲೇ ಗಮನಿಸಿ, ಆಮೇಲೆ ಯಾರ ಹೆಸರನ್ನೂ ಬರೆಯದೆ ಗುರುತು ಹಾಕಿಕೊಂಡೆ. 20ಕ್ಕೆ 4.

ಯಾಕೆ ಹೀಗೆ ಅಂತ ಸಿಸ್ಟರ್‌ಗಳನ್ನೆಲ್ಲ ಕೂರಿಸಿಕೊಂಡು, ಮಂಡಕ್ಕಿ ಮಿರ್ಚಿ ತರಿಸಿ ಕೇಳಿದೆ. ಬೈತಾರೆ ಅಂದುಕೊಂಡು ಬಂದವರು ಅರ್ಧ ಗಂಟೆಯಾದ ಮೇಲೆ ಬಾಯಿಬಿಟ್ಟರು. ಬ್ಯಾಂಡನ್ನು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ ಕೈಗೇ ಕಟ್ಟುತ್ತಾರೆ, ಪ್ಲಾಸ್ಟರ್ ಕೆಳಗೆ ಹೆಸರು ಮುಚ್ಚಿಹೋಗುತ್ತೆ. ಅಕ್ಷರ ಸಣ್ಣದು, ರಾತ್ರಿ ಲೈಟಿಗೆ ಕಾಣಲ್ಲ. 30 ರೋಗಿಗೆ ಇಬ್ಬರು. ದಿನಾ ನೋಡೋ ರೋಗಿನ ಹೆಸರು ಕೇಳಿದ್ರೆ "ನಿನ್ನೆ ನೀನೇ ಕೊಟ್ಯಲ್ಲವ್ವ, ಮರ್ತುಬಿಟ್ಯಾ?" ಅಂತ ಬೇಜಾರು ಮಾಡ್ಕೋತಾರೆ. ಇದನ್ನೆಲ್ಲ ಯಾವ ಆಡಿಟ್ ಫಾರ್ಮೂ ನನಗೆ ಹೇಳಿರಲಿಲ್ಲ.

ನಮ್ಮ ಕಡೆಯ ಹೆಸರುಗಳ ಬಗ್ಗೆ ಸ್ವಲ್ಪ ಹೇಳಬೇಕು. ಇದು ದುಗ್ಗಮ್ಮನ ಊರು, ವಾರ್ಡಿನಲ್ಲಿ ಒಬ್ಬರಾದರೂ ದುರುಗಮ್ಮ, ಒಬ್ಬರಾದರೂ ದುರುಗಪ್ಪ ಇದ್ದೇ ಇರುತ್ತಾರೆ. ನಾಯಕನಹಟ್ಟಿ, ಚಳ್ಳಕೆರೆ ಕಡೆಯಿಂದ ತಿಪ್ಪೇಸ್ವಾಮಿ, ತಿಪ್ಪಮ್ಮ. ಕೊಟ್ಟೂರು ಕಡೆಯಿಂದ ಕೊಟ್ರೇಶ, ಕೊಟ್ರಪ್ಪ. ಎಲ್ಲಾ ಕಡೆಯಿಂದ ಹನುಮಂತಪ್ಪ, ಬಸವರಾಜ, ಮಂಜುನಾಥ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯೋದು ಇನ್ನೊಂದು. ಗಂಡನ ಹೆಸರು ಕೇಳೋಣ ಅಂದರೆ ವಯಸ್ಸಾದ ಹೆಂಗಸರು ಬಾಯಿಬಿಟ್ಟು ಹೇಳಲ್ಲ, ಪಕ್ಕದ ಬೆಡ್‌ನವರ ಕಡೆ ನೋಡಿ "ನೀನೇ ಹೇಳವ್ವ" ಅಂತ ನಗುತ್ತಾರೆ. ಹುಟ್ಟಿದ ದಿನಾಂಕ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪುಸ್ತಕದಲ್ಲಿ ಹೆಸರು ಮತ್ತು ಜನ್ಮದಿನಾಂಕ ಕೇಳಿ ಅಂತ ಇರುತ್ತೆ. ಅದನ್ನು ಹಾಗೇ ತಂದರೆ ನಮ್ಮ ವಾರ್ಡಿನಲ್ಲಿ ನಡೆಯಲ್ಲ.

ಹಾಗಾಗಿ ಒಂದೊಂದೇ ಮಾಡಿ ನೋಡಿದೆವು. ಇದಕ್ಕೆ ಪಿಡಿಎಸ್‌ಎ ಅನ್ನುತ್ತಾರೆ. ಯೋಚಿಸು, ಸಣ್ಣದಾಗಿ ಮಾಡು, ನೋಡು, ತಿದ್ದು. ಮೊದಲ ವಾರ ನಾಲ್ಕೇ ಬೆಡ್‌ಗೆ, ಒಬ್ಬಳೇ ಸಿಸ್ಟರ್. "ಹನುಮಂತಪ್ಪ ಅಲ್ವಾ?" ಅನ್ನೋದನ್ನು ಬಿಟ್ಟು "ನಿಮ್ಮ ಪೂರ್ತಿ ಹೆಸರು ಹೇಳಿ ಅಜ್ಜಾ" ಅಂತ ಕೇಳೋದು. ಯಾಕಂದ್ರೆ ಕಿವಿ ಮಂದ ಇರೋರು, ಜ್ವರದಲ್ಲಿರೋರು, ನಮ್ಮನ್ನು ಕಂಡರೆ ಹೆದರೋರು, ಏನು ಕೇಳಿದರೂ ಹ್ಞೂಂ ಅನ್ನುತ್ತಾರೆ. ಆದರೆ ಇದೊಂದೇ ಸಾಲಲ್ಲ. 2009ರಲ್ಲಿ ನಾನು ಹಾಗೆ ಕೇಳಿದ್ದರೂ ಆ ಅಜ್ಜ ಹನುಮಂತಪ್ಪ ಅಂತಲೇ ಹೇಳುತ್ತಿದ್ದರು, ಅವರ ಹೆಸರೇ ಅದು. ಅದಕ್ಕೇ ಎರಡನೇ ಗುರುತು ಬ್ಯಾಂಡ್ ಮೇಲಿನ ಐಪಿ ನಂಬರ್, ಅಡ್ಮಿಟ್ ಆದಾಗ ಪ್ರತಿ ರೋಗಿಗೂ ಕೊಡುವ ನಂಬರ್. ಹೆಸರು ರೋಗಿ ಹೇಳಬೇಕು, ನಂಬರ್ ಸಿಸ್ಟರ್ ಓದಿ ಕೇಸ್ ಶೀಟಿನ ಜೊತೆ ತಾಳೆ ನೋಡಬೇಕು. ಪ್ರಜ್ಞೆ ಇಲ್ಲದವರಿಗೆ ಮನೆಯವರು ಹೇಳಬೇಕು.

ಬ್ಯಾಂಡನ್ನು ಕ್ಯಾನುಲಾ ಇಲ್ಲದ ಕೈಗೆ ಕಟ್ಟಿಸಿದೆವು. ಒಂದೇ ಹೆಸರಿನವರಿದ್ದರೆ ಇಬ್ಬರ ಫೈಲಿಗೂ ಕೆಂಪು ಸ್ಟಿಕ್ಕರ್, ಆದಷ್ಟು ದೂರದ ಬೆಡ್. ಬೇಜಾರು ಮಾಡಿಕೊಳ್ಳುವ ರೋಗಿಗಳಿಗೆ ಅಡ್ಮಿಷನ್ ದಿನವೇ, "ಮರೆತು ಕೇಳೋದಲ್ಲ, ನಿಮ್ಮ ಔಷಧಿ ಇನ್ನೊಬ್ಬರಿಗೆ ಹೋಗದಿರಲಿ ಅಂತ ಪ್ರತಿ ಸಲ ಕೇಳ್ತೀವಿ" ಅಂತ ಹೇಳೋದು. ಇಷ್ಟು ಮಾಡಿದ ಮೇಲೂ 20ಕ್ಕೆ 11, 12ರಲ್ಲಿ ನಿಂತುಬಿಟ್ಟಿತು. ಐದು ವಾರ ಅಲ್ಲಾಡಲಿಲ್ಲ. ನಾನು ಸೋತೆ ಅಂದುಕೊಂಡೆ.

ಅಡ್ಡ ಬಂದದ್ದು ಕೇಸ್ ಶೀಟು. ಅದು ಸ್ಟೇಷನ್ನಿನಲ್ಲಿದ್ದರೆ ಬೆಡ್ ಪಕ್ಕ ನಂಬರ್ ತಾಳೆ ನೋಡೋದು ಹೇಗೆ? ಸ್ಟೋರಿನಲ್ಲಿ ಚಕ್ರ ಮುರಿದು ಬಿದ್ದಿದ್ದ ಒಂದು ಟ್ರಾಲಿ ಇತ್ತು. ವೆಲ್ಡಿಂಗ್ ಅಂಗಡಿಗೆ ಕಳಿಸಿ ಸರಿ ಮಾಡಿಸಿ, ಮೇಲೆ ಔಷಧಿ, ಕೆಳಗೆ ಫೈಲು ಇಡುವ ಹಾಗೆ ಮಾಡಿದೆವು. ಅದು ಬಂದ ವಾರ 16. ಆಮೇಲೆ 17, 16, 18. ವಾರಕ್ಕೊಂದು ಚುಕ್ಕೆ ಇಡುವ ಗ್ರಾಫಿನಲ್ಲಿ ಆರು ಚುಕ್ಕೆ ಸತತವಾಗಿ ಮಧ್ಯದ ಗೆರೆಗಿಂತ ಮೇಲೆ ಬಂದರೆ ಅದು ಆಕಸ್ಮಿಕ ಅಲ್ಲ, ನಿಜವಾದ ಬದಲಾವಣೆ ಅಂತ ಲೆಕ್ಕ. ಆರನೇ ಚುಕ್ಕೆ ಇಟ್ಟ ದಿನ ಆ ಹಾಳೆಯನ್ನು ವಾರ್ಡಿನ ಗೋಡೆಗೆ ಅಂಟಿಸಿದೆವು. ಆಯಾಗಳೂ ಬಂದು ನೋಡಿದರು.

ಸಿಹಿ ಮಾತ್ರ ಹೇಳಬಾರದು. ರಾತ್ರಿ ಶಿಫ್ಟಿನಲ್ಲಿ ಈಗಲೂ ಕಡಿಮೆ. ಹೊಸಬರು ಸೇರಿದಾಗೆಲ್ಲ ಮತ್ತೆ ಇಳಿಯುತ್ತೆ, ಮತ್ತೆ ಹೇಳಿಕೊಡಬೇಕು. ಬ್ಯಾಂಡ್ ಪ್ರಿಂಟರ್ ಕೆಟ್ಟ ದಿನ ಪೆನ್ನಿನಲ್ಲಿ ಬರೆದದ್ದು ಸ್ನಾನಕ್ಕೆ ಅಳಿಸಿಹೋಗುತ್ತೆ, ಅದಕ್ಕೆ ಮಾರ್ಕರ್ ತಂದಿಟ್ಟಿದ್ದೇವೆ. ಸೇರಬೇಕು ಅನ್ನೋರು ಇನ್ನೊಂದು ತಿಳಿದಿರಿ. ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಾದರೂ, ಒಬ್ಬ ಮ್ಯಾನೇಜರಾದರೂ ಬೆನ್ನಿಗಿಲ್ಲದಿದ್ದರೆ ಪ್ರಾಜೆಕ್ಟ್ ಹಾಳೆಯಲ್ಲೇ ಉಳಿಯುತ್ತೆ. ಫೀಸು ಕಟ್ಟುವ ಮುಂಚೆ ಅವರ ಹತ್ತಿರ ಮಾತಾಡಿ. ಸರ್ಟಿಫಿಕೇಟ್ ಒಂದೇ ಬೇಕಿದ್ದರೆ ಚಿಕ್ಕ ಕೋರ್ಸ್‌ಗಳಿವೆ.

ಒಂದು ಮಾತು ಉಳಿದಿದೆ. 2009ರಲ್ಲಿ ಆ ಮಗನಿಗೆ ನಾವು ನಿಜ ಹೇಳಲಿಲ್ಲ. "ಸಕ್ಕರೆ ಸ್ವಲ್ಪ ಇಳಿದಿದೆ, ನೋಡ್ತಾ ಇದೀವಿ" ಅಂದೆವು. ಅವನು ನನಗೆ ಕೈ ಮುಗಿದು, "ರಾತ್ರಿಯೆಲ್ಲ ಅಪ್ಪನ ಪಕ್ಕ ಕೂತಿದ್ರಿ ಸಿಸ್ಟ್ರೇ" ಅಂದು ಹೋದ. ಅದು ನನ್ನ ಎದೆಯಲ್ಲಿ ಇನ್ನೂ ಇದೆ. ತಪ್ಪಾದರೆ ರೋಗಿಗೆ, ಮನೆಯವರಿಗೆ ಹೇಳಬೇಕು ಅನ್ನೋದಕ್ಕೆ ಫೆಲೋಶಿಪ್‌ನಲ್ಲಿ ಒಂದು ಇಡೀ ದಿನದ ಪಾಠ ಇತ್ತು, ಅವತ್ತು ನಾನು ಕ್ಲಾಸಿನಲ್ಲಿ ಮಾತೇ ಆಡಲಿಲ್ಲ. ವಾಪಸ್ ಬಂದು ನಮ್ಮ ಘಟನೆ ವರದಿ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳಿಕೊಂಡೆ. "ರೋಗಿಗೆ ಅಥವಾ ಮನೆಯವರಿಗೆ ತಿಳಿಸಲಾಯಿತೇ? ಯಾರು, ಯಾವಾಗ?" ಅಂತ. ಮೀಟಿಂಗಿನಲ್ಲಿ ಎರಡು ಸಲ ಬೇಡ ಅಂದರು, ಮೂರನೇ ಸಲ ಒಪ್ಪಿದರು. ಬರುವ ಫಾರ್ಮುಗಳಲ್ಲಿ ಆ ಸಾಲು ಎಷ್ಟೋ ಸಲ ಖಾಲಿ ಇರುತ್ತೆ. ಖಾಲಿ ಬಂದರೆ ನಾನು ಆ ಸಿಸ್ಟರನ್ನು ಕರೆದು ಬೈಯಲ್ಲ. ಡಾಕ್ಟರಿಗೆ ಫೋನ್ ಮಾಡಿ, ಮೂವರೂ ಸೇರಿ ಆ ಬೆಡ್ ಹತ್ತಿರ ಹೋಗುತ್ತೇವೆ.